ಗೋಣಿಮರದ ಬೇರೂ ಈರಕ್ಕನ ಸಿಟ್ಟೂ

ಬಹಳ ಬಹಳ ಹಿಂದೆ, ಉಡಗಳು ಇನ್ನೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಸಿರಿಮಾಳ ಎಂಬ ಒಂದು ರಾಜ್ಯವಿತ್ತು. ಅದು ಎಲ್ಲಿತ್ತು ಎಂದು ಮಾತ್ರ ಕೇಳಬೇಡಿ. ಹೇಳಿದರೆ ನಾಳೆ ಬೆಳಗ್ಗೆಯೇ ಗುದ್ದಲಿ ಹೆಗಲಿಗೇರಿಸಿಕೊಂಡು ಅಲ್ಲಿಗೂ ಹೊರಡುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಆ ಸಿರಿಮಾಳದ ರಾಜಧಾನಿಯ ನಟ್ಟನಡುವೆ ಒಂದು ಗೋಣಿಮರವಿತ್ತು. ಅದರ ನೆರಳಿನಲ್ಲಿ ಇಡೀ ಸಂತೆ ಕೂರುತ್ತಿತ್ತು, ಕೂತ ಮೇಲೂ ದನಕರು ಮಲಗಲು ಜಾಗ ಮಿಗುತ್ತಿತ್ತು. ಊರಿನಲ್ಲಿ ಯಾವ ಮಗು ಹುಟ್ಟಿದರೂ ಅದರ ಹೊಕ್ಕುಳಬಳ್ಳಿಯನ್ನು ತಂದು ಆ ಮರದ ಬುಡದಲ್ಲಿ ಹೂಳುವುದು ಪದ್ಧತಿ. ಹೂತ ಜಾಗದಲ್ಲಿ ಮರ ಆ ಮಗುವಿಗೆಂದು ಹೊಸದೊಂದು ಬೇರು ಬಿಡುತ್ತಿತ್ತು. ಮಗು ಬೆಳೆದಂತೆ ಬೇರೂ ಬೆಳೆಯುತ್ತಿತ್ತು, ಬೇರು ಗಟ್ಟಿಯಾದಂತೆ ಮಗುವಿನ ಮೈಯೂ ಗಟ್ಟಿಯಾಗುತ್ತಿತ್ತು. ಹಳಬರಿಗೆ ಇದೆಲ್ಲ ಗೊತ್ತಿತ್ತು. ಆಮೇಲೆ ಬಂದವರು ಹೂಳುವ ಪದ್ಧತಿಯನ್ನು ಉಳಿಸಿಕೊಂಡು, ಯಾಕೆ ಹೂಳುತ್ತೇವೆ ಎನ್ನುವುದನ್ನು ಮರೆತು ಕೂತರು. ಅರಮನೆಯವರದಂತೂ ಬೇರೆಯೇ ರೀತಿ. ಅವರ ಮಕ್ಕಳ ಹೊಕ್ಕುಳಬಳ್ಳಿ ಚಿನ್ನದ ಭರಣಿಯಲ್ಲಿ, ಖಜಾನೆಯ ಒಳಗೆ ಇರುತ್ತಿತ್ತು. ಅದಕ್ಕೆ ಮಣ್ಣು ತಾಗಬಾರದಂತೆ!

ಮರದ ಪಕ್ಕದಲ್ಲಿ ಒಂದು ಕಲ್ಲು ನೆಟ್ಟಿತ್ತು. ಹಿಂದಿನ ಒಬ್ಬ ಮಹಾರಾಣಿ ಅದರ ಮೇಲೆ ಬರೆಸಿದ್ದಳು: ‘ಈ ಮರಕ್ಕೆ ಯಾರೂ ಕೊಡಲಿ ಮುಟ್ಟಿಸಕೂಡದು.’ ಜನ ಅದಕ್ಕೆ ತಪ್ಪದೆ ನಡೆದರು. ಒಣಗಿದ ಕಡ್ಡಿಯನ್ನೂ ಮುರಿಯುತ್ತಿರಲಿಲ್ಲ.

ಹೀಗಿರಲು ಚಿತ್ರಕೀರ್ತಿ ಎಂಬವನು ಪಟ್ಟಕ್ಕೆ ಬಂದ. ಅವನಿಗೆ ಬೇಸಿಗೆಯ ಸೆಕೆ ತಡೆಯಲಾಗುತ್ತಿರಲಿಲ್ಲ. ಗೋಣಿಮರದ ನೆರಳಿನಲ್ಲೇ ತನಗೆ ಏಳಂತಸ್ತಿನ ಉಪ್ಪರಿಗೆ ಬೇಕೆಂದು ಹಟ ಹಿಡಿದ. ಮಂತ್ರಿಗಳು ಕಲ್ಲಿನ ಬರಹ ತೋರಿಸಿ ತಲೆ ಕೆರೆದುಕೊಂಡರು. ಆಗ ಸಭೆಗೆ ಒಬ್ಬ ಮಾಂತ್ರಿಕ ಬಂದ. ಅವನು ಕಣ್ಣು ಪಿಳುಕಿಸುತ್ತಲೇ ಇರಲಿಲ್ಲ, ನೋಡಿದರೆ ನೆಟ್ಟ ನೋಟ. ಅದಕ್ಕೇ ಜನ ಅವನನ್ನು ನೆಟ್ಟಗಣ್ಣಯ್ಯ ಎನ್ನುತ್ತಿದ್ದರು.

“ಮಹಾಸ್ವಾಮಿ, ಕೊಡಲಿ ಮುಟ್ಟಬಾರದು ಅಂತ ಬರೆದಿದೆ. ಗುದ್ದಲಿ ಮುಟ್ಟಬಾರದು ಅಂತ ಎಲ್ಲಿ ಬರೆದಿದೆ?” ಎಂದ ಮಾಂತ್ರಿಕ. “ನೆಲದ ಮೇಲಿರೋದು ಮರ. ನೆಲದ ಕೆಳಗಿರೋದು ಬರೀ ಮಣ್ಣು. ಒಂದು ಎಲೆಯನ್ನೂ ಅಲುಗಿಸದೆ ನಿಮಗೆ ಉಪ್ಪರಿಗೆ ಎಬ್ಬಿಸಿಕೊಡ್ತೀನಿ.”

ಸಭೆ ತಲೆದೂಗಿತು. ಅಷ್ಟು ಜನ ಓದಿದವರು, ಪೇಟ ಸುತ್ತಿದವರು, ಒಬ್ಬರಾದರೂ ‘ಬೇರಿಲ್ಲದೆ ಮರ ಗಾಳಿಯಲ್ಲಿ ನಿಂತಿದೆಯಾ’ ಎಂದು ಕೇಳಲಿಲ್ಲ. ಕೇಳಲು ನಾಲಿಗೆ ಬೇಕಲ್ಲ! ಅದನ್ನೆಲ್ಲ ಅರಮನೆಯ ಊಟಕ್ಕೆ ಮೀಸಲಿಟ್ಟಿದ್ದರು.

ಮಾಂತ್ರಿಕ ಮರದ ಹತ್ತಿರ ಬಂದು, ಸೊಂಟದ ಚೀಲದಿಂದ ಬಿಳಿಯ ಬೂದಿ ತೆಗೆದು, ಪಾಯಕ್ಕೆ ಗೆರೆ ಹಾಕಿದ. ಎಲ್ಲಿಯೂ ಬಾಗದ ಗೆರೆ. ಪಾಯ ತೋಡುವುದಕ್ಕೆ ಪಾಯದವರನ್ನು ಕರೆಸಿದರು.

ಸಿರಿಮಾಳದ ಪಾಯದವರೆಂದರೆ ಸುತ್ತೇಳು ರಾಜ್ಯಗಳಲ್ಲಿ ಹೆಸರು. ಅವರದು ಒಂದೇ ಹಟ. ಗೆರೆಗೆ ಪೂಜೆ ಮಾಡಿದ ಮೇಲೆ ಅದನ್ನು ಸರಿಸಕೂಡದು. ಬಂಡೆ ಅಡ್ಡ ಬಂದರೆ ಬಂಡೆ ಒಡೆಯುತ್ತಿದ್ದರು, ಬಾವಿ ಅಡ್ಡ ಬಂದರೆ ಬಾವಿ ಮುಚ್ಚುತ್ತಿದ್ದರು. ಗೆರೆ ಸರಿಸಿದವನ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಅವರಲ್ಲಿ ಎಲ್ಲರಿಗಿಂತ ಗಟ್ಟಿಗ ಪಾಲಯ್ಯ. ಅವನ ಹೆಂಡತಿಯೇ ಈರಕ್ಕ.

ಈರಕ್ಕ ಗಡಿಯಾಚೆಯ ನಾಡಿನಿಂದ ಮದುವೆಯಾಗಿ ಬಂದವಳು. ಗಂಡನಿಗೆ ಸಮವಾಗಿ ಗುದ್ದಲಿ ಹಿಡಿಯುತ್ತಿದ್ದಳು, ಗಂಡನನ್ನು ಮೀರಿಸಿ ಮಾತಾಡುತ್ತಿದ್ದಳು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ. ಅನ್ನ ಹೊತ್ತಿದರೆ ಒಲೆಗೆ ಬೈಯುತ್ತಿದ್ದಳು, ಕಾಲು ಎಡವಿದರೆ ಕಲ್ಲಿಗೆ ಬೈಯುತ್ತಿದ್ದಳು. ಪಾಲಯ್ಯ ಇದನ್ನೆಲ್ಲ ಕಂಡು ನಗುತ್ತಿದ್ದ. ಆ ನಗುವಿಗೆ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು, ಅದೇ ನಗುವಿಲ್ಲದೆ ಅವಳಿಗೆ ಒಂದು ದಿನವೂ ಕಳೆಯುತ್ತಿರಲಿಲ್ಲ.

ಗೆರೆಯ ಉದ್ದಕ್ಕೂ ಅಗೆಯುತ್ತ ಅಗೆಯುತ್ತ ಗಂಡಹೆಂಡಿರು ಮೂಲೆಗೆ ಬಂದರು. ಅಲ್ಲಿ ತೊಡೆಗಾತ್ರದ ಒಂದು ಬೇರು ಅಡ್ಡಲಾಗಿ ಮಲಗಿತ್ತು. ಪಾಲಯ್ಯ ಗುದ್ದಲಿ ಕೆಳಗಿಟ್ಟ.

“ಯಾಕೋ ಕೈ ಏಳ್ತಿಲ್ಲ ಕಣೇ. ಇದನ್ನ ನೋಡಿದ್ರೆ ಎದೆಯೊಳಗೆ ಏನೋ ಆಗುತ್ತೆ.”

“ಹಾಗಾದ್ರೆ ಗೆರೆ ಸರಿಸು.”

“ನಮ್ಮಪ್ಪ ಸರಿಸಿಲ್ಲ, ನಮ್ಮ ತಾತ ಸರಿಸಿಲ್ಲ. ನಾನು ಸರಿಸ್ತೀನಾ?”

“ಸರಿಸೋದೂ ಇಲ್ಲ, ಕಡಿಯೋದೂ ಇಲ್ಲ. ಬಿಸಿಲಲ್ಲಿ ನಿಂತು ಬೇರಿಗೆ ಆರತಿ ಎತ್ತೋಣ್ವಾ? ಸರಿ ಅತ್ಲಾಗೆ!” ಎಂದು ಈರಕ್ಕ ರೇಗಿ, ಗುದ್ದಲಿ ಕಿತ್ತುಕೊಂಡು, ಎತ್ತಿ ಒಂದೇಟು ಹಾಕಿದಳು.

ಬೇರು ಎರಡು ತುಂಡಾಯಿತು. ಬಿಳಿಯ ಹಾಲು ಚಿಮ್ಮಿತು. ಹಿಂದೆ ಏನೋ ಬಿದ್ದ ಸದ್ದಾಗಿ ಅವಳು ತಿರುಗಿದಳು. ಪಾಲಯ್ಯ ನೆಲದ ಮೇಲಿದ್ದ. ಅವನ ಪಾದಗಳು ಮರವಾಗಿದ್ದವು. ಬೆರಳುಗಳ ಮೇಲೆ ತೊಗಟೆ ಬಂದಿತ್ತು.

“ಈರೀ, ಅದು ನನ್ನ ಬೇರು ಕಣೇ” ಎಂದ ಅವನು. ಆಮೇಲೆ ಅವನ ಕಣ್ಣು ಮುಚ್ಚಿಕೊಂಡವು. ಉಸಿರು ಮಾತ್ರ ಆಡುತ್ತಿತ್ತು.

ಅದೇ ಹೊತ್ತಿಗೆ ಉಳಿದವರೂ ಅಲ್ಲಲ್ಲಿ ಬೇರು ಕಡಿದಿದ್ದರು. ಊರೊಳಗೆ ಗೋಳು ಎದ್ದಿತು. ಕುಂಬಾರರ ದೇವೀರಮ್ಮನ ಬಲಗೈ ತಿಗರಿಯ ಮೇಲೆಯೇ ಮರವಾಗಿತ್ತು. ಹಾಲು ಮಾರುವವಳ ಕಾಲು, ಕಾವಲುಗಾರನ ನಾಲಿಗೆ, ಇನ್ನು ಯಾರದೋ ಕಿವಿ. ನೆಟ್ಟಗಣ್ಣಯ್ಯ ಮಾತ್ರ ಒಂದು ಸೋರೆಬುರುಡೆ ಹಿಡಿದು ಪಾಯದೊಳಗೆ ಇಳಿದು, ಕಡಿದ ಬೇರುಗಳಿಂದ ಸುರಿಯುವ ಹಾಲನ್ನು ತುಂಬಿಕೊಳ್ಳುತ್ತಿದ್ದ. ಒಂದು ಗುಟುಕು ಕುಡಿದ. ಅವನ ಕೆನ್ನೆಯ ಸುಕ್ಕು ಮಾಯವಾಯಿತು. ಈರಕ್ಕ ಅದನ್ನು ಕಣ್ಣಾರೆ ಕಂಡಳು.

ಅವಳು ನೆಟ್ಟಗೆ ಅರಮನೆಗೆ ಹೋದಳು. ಕಾವಲುಗಾರರು ಅಡ್ಡ ಬಂದರೆ ಅವರನ್ನು ನೂಕಿಕೊಂಡೇ ಹೋದಳು.

“ದೊರೆ, ಊರು ಮರವಾಗ್ತಾ ಇದೆ. ನಿಮ್ಮ ಪಾಯ ನಿಲ್ಲಿಸಿ!”

ಅರಸ ತನ್ನ ಕೈ ಕಾಲು ನೋಡಿಕೊಂಡ. “ನನಗೇನೂ ಆಗಿಲ್ಲವಲ್ಲ” ಎಂದ.

“ನಿಮಗೆ ಹೇಗೆ ಆಗುತ್ತೆ? ನಿಮ್ಮ ಹೊಕ್ಕುಳಬಳ್ಳಿ ಚಿನ್ನದ ಭರಣಿಯಲ್ಲಿ ಬೆಚ್ಚಗಿದೆ. ಮಣ್ಣಲ್ಲಿರೋದು ನಮ್ಮದು.”

ಅವಳ ಹಿಂದೆಯೇ ಬಂದು ನಿಂತಿದ್ದ ಮಾಂತ್ರಿಕ ನಕ್ಕ. “ನಿನಗೂ ಏನೂ ಆಗಿಲ್ಲವಲ್ಲಮ್ಮ. ನೀನು ಬೇರೆ ನಾಡಿನವಳು, ನಿನ್ನ ಬೇರು ಇಲ್ಲಿಲ್ಲ. ನಿನಗ್ಯಾಕೆ ಈ ಉಸಾಬರಿ? ಅಲ್ಲದೆ ನಾನು ಹಾಕಿದ ಗೆರೆ ನಿಲ್ಲೋದಲ್ಲ. ಅದು ಹಸಿದ ಗೆರೆ. ಅದರ ಮೇಲೆ ಮನೆ ಏಳೋ ತನಕ ದಿನಕ್ಕಿಷ್ಟು ಬುಡದ ಕಡೆ ಹೋಗ್ತಾನೇ ಇರುತ್ತೆ.”

ಈರಕ್ಕ ಕೆಂಡಾಮಂಡಲವಾದಳು. “ನನ್ನ ಬೇರು ಇಲ್ಲಿಲ್ಲ, ನನ್ನ ಗಂಡನದು ಇದೆ. ಅದನ್ನ ನಾನೇ ಕಡಿದೆ. ಮನೆ ತಾನೇ ಬೇಕು? ಒಂದು ಬೇರೂ ಕಡಿಯದೆ ನಾನು ಎಬ್ಬಿಸ್ತೀನಿ. ಗೆದ್ದರೆ ನೀನು ಕುಡಿದದ್ದನ್ನೆಲ್ಲ ಕಕ್ಕಿ ಹೋಗಬೇಕು.”

“ಮೂರು ಸಲ ಕೈ ಹಾಕು” ಎಂದ ಮಾಂತ್ರಿಕ. “ನೀನು ಕಟ್ಟುವಾಗ ಗೆರೆ ಮಲಗಿರುತ್ತೆ, ಸೋತಾಗ ಏಳುತ್ತೆ. ಮೂರನೇ ಸಲವೂ ಸೋತರೆ ನೀನೇ ಗುದ್ದಲಿ ಹಿಡಿದು ಬುಡದ ತನಕ ತೋಡಬೇಕು.”

ಹೇಗೂ ತನಗೆ ಮನೆ ಸಿಗುತ್ತದಲ್ಲ ಎಂದು ಅರಸ ಒಪ್ಪಿಕೊಂಡ.

ಈರಕ್ಕ ಪಾಯದೊಳಗಿನ ಬೇರುಗಳ ಮೇಲೆ ಮಣ್ಣು ಮುಚ್ಚಿಸಿದಳು. ಅಗೆದದ್ದರಿಂದ ತಾನೇ ಈ ಕೇಡು? ಹಾಗಾದರೆ ಅಗೆಯುವುದೇ ಬೇಡ ಎಂದುಕೊಂಡಳು. ಪಾಯದವರನ್ನು ಕರೆದು, ನೆಲಕ್ಕೆ ದಿಮ್ಮಸು ಹೊಡೆಸಿ ಗಟ್ಟಿ ಮಾಡಿದಳು. ಮೇಲೆ ದಪ್ಪ ಚಪ್ಪಡಿಗಳನ್ನು ಒತ್ತೊತ್ತಾಗಿ ಹಾಸಿದಳು. ಗೋಡೆ ಎದೆಮಟ್ಟ ಏರಿತು. ಒಂದು ಬೇರೂ ಕಡಿಯಲಿಲ್ಲ. ಗೆದ್ದೆ ಎಂದುಕೊಂಡು, ಮರದ ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದ ಗಂಡನ ಹತ್ತಿರ ಬಂದಳು. ಪಾಲಯ್ಯ ಗಾಳಿಗಾಗಿ ಬಾಯಿ ಬಿಡುತ್ತಿದ್ದ. ಮರ ಅವನ ಸೊಂಟದ ತನಕ ಏರಿತ್ತು.

ಗೋಡೆಯನ್ನು ಅವಳೇ ಹಾರೆ ತೆಗೆದುಕೊಂಡು ಕೆಡವಿದಳು. ಚಪ್ಪಡಿ ಎತ್ತಿ ಎಸೆದಳು. ಆಮೇಲೆ ಗೋಣಿಮರದ ಬುಡಕ್ಕೆ ಬಂದು ಕಾಲಿನಿಂದ ಒದ್ದು ಕೂಗಿದಳು.

“ಕಡಿದ್ರೂ ಸಾಯ್ತೀಯ, ಕಡಿಯದಿದ್ರೂ ಸಾಯ್ತೀಯ. ನಿನಗೇನು ಬೇಕು ಹೇಳಬಾರ್ದಾ? ಬಾಯಿ ಇಲ್ವಾ ನಿನಗೆ?”

“ಅದಕ್ಕಿಲ್ಲ, ನನಗಿದೆ” ಎಂದು ಬುಡದ ಪೊಟರೆಯಿಂದ ಯಾರೋ ಹೇಳಿದರು. ಒಂದು ಉಡ ತೆವಳಿಕೊಂಡು ಹೊರಗೆ ಬಂದಿತು. ಎಮ್ಮೆಯ ಕರುವಿನಷ್ಟು ದೊಡ್ಡದು, ಕಣ್ಣು ಅರಿಸಿನದ ಬಣ್ಣ. ಅದು ಬೇರುಗಳ ಕಾವಲಿನ ಉಡ. “ಒದೆಯಬೇಡ. ಆ ಮರಕ್ಕೆ ನೋವಾಗಲ್ಲ, ನಿನ್ನ ಕಾಲು ಊದಿಕೊಳ್ಳುತ್ತೆ.”

“ಬೇರು ಕಡಿಯಲಿಲ್ಲ. ಆದರೂ ಅವನಿಗ್ಯಾಕೆ ಹೀಗಾಯ್ತು?”

“ನಿನ್ನ ಎದೆ ಮೇಲೆ ಚಪ್ಪಡಿ ಹೇರಿದ್ರೆ ನಿನಗೆ ಹೇಗಾಗುತ್ತೆ? ಬೇರಿಗೂ ಉಸಿರು ಬೇಕು, ನೀರು ಬೇಕು. ನೀನು ಮಣ್ಣಿನ ಸಂದುಗಳನ್ನೆಲ್ಲ ಬಡಿದು ಮುಚ್ಚಿಬಿಟ್ಟೆ. ಕಾಲಿನ ಮೇಲೆ ನಿಲ್ಲೋ ಮನೆ ಕಟ್ಟು. ಅಡಿಯಲ್ಲಿ ಗಾಳಿ ಓಡಾಡಲಿ. ಹೇಳಿದ್ದಕ್ಕೆ ನನಗೆ ನಿನ್ನ ಗುದ್ದಲಿ, ಹಾರೆ ಕೊಡು.”

“ಅದಿಲ್ಲದೆ ಕಾಲು ಹೇಗೆ ಊರಲಿ?”

“ದೇವರು ಎರಡು ಕೈ ಕೊಟ್ಟಿಲ್ವಾ?”

ಈರಕ್ಕ ಬೈಯುತ್ತಲೇ ಕೊಟ್ಟಳು. ಉಡ ಎರಡನ್ನೂ ನುಂಗಿ ಪೊಟರೆ ಸೇರಿತು. ಅತ್ತ ಗೆರೆ ಎದ್ದು, ಅಡ್ಡ ಬಂದ ಬೇರುಗಳನ್ನು ತಾನೇ ಕಡಿಯುತ್ತ ಬುಡದ ಕಡೆಗೆ ಒಂದು ಮಾರು ಚಾಚಿತು, ಊರಿನಲ್ಲಿ ಇನ್ನಷ್ಟು ಜನ ಮರವಾದರು. ನೆಟ್ಟಗಣ್ಣಯ್ಯನ ಕೂದಲು ಕಪ್ಪಾಯಿತು.

ಎರಡನೆಯ ಸಲ ಅವಳು ಕಂಬಗಳ ಮೇಲೆ ಮನೆ ಕಟ್ಟಲು ಹೊರಟಳು. ಪಾಯದವರ ಅಳತೆಯ ಹಗ್ಗ ಹಿಡಿದಳು. ಕಂಬದಿಂದ ಕಂಬಕ್ಕೆ ಸಮ ದೂರ, ಸಾಲಿಗೆ ಸಾಲು ನೇರ. ಹುಟ್ಟಿದಾಗಿನಿಂದ ಅವರು ಕಲಿತದ್ದೇ ಅದು. ಗುರುತು ಬಿದ್ದ ಕಡೆಯೆಲ್ಲ ಬೆರಳಿನಿಂದ ಮಣ್ಣು ಕೆದರಿ ಗುಂಡಿ ತೆಗೆದಳು. ಉಗುರು ಕಿತ್ತುಬಂದವು. ಕೊನೆಯ ಗುಂಡಿಯೊಳಗೆ ಒಂದು ಎಳೆಯ ಬೇರು ಹಾದುಹೋಗಿತ್ತು. ಗುಂಡಿ ಸರಿಸಿದರೆ ಸಾಲು ಕೆಡುತ್ತದೆ. ಕಡಿಯುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಒತ್ತುತ್ತೇನೆ ಅಷ್ಟೆ ಎಂದುಕೊಂಡು ಅವಳು ಬೇರನ್ನು ಬಗ್ಗಿಸಿದಳು. ಅದು ಲಟಕ್ಕೆಂದು ಮುರಿಯಿತು.

ಅದೂ ಪಾಲಯ್ಯನ ಬೇರಿನಿಂದಲೇ ಹೊಸದಾಗಿ ಒಡೆದ ಕವಲು. ಮರ ಅವನ ಕತ್ತಿನ ತನಕ ಏರಿತು.

ಈರಕ್ಕ ಈ ಸಲ ಕೂಗಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು ಹಲ್ಲು ಕಡಿದಳು. ಮಾಂತ್ರಿಕನ ಮೇಲೆ ಸಿಟ್ಟು, ಅರಸನ ಮೇಲೆ ಸಿಟ್ಟು, ಗಂಡನ ಹಟದ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಈ ಎರಡು ಕೈಗಳ ಮೇಲೆ ಸಿಟ್ಟು. ಎರಡು ಸಲವೂ ಮುರಿದದ್ದು ಅವೇ.

ಉಡ ಬಂದು ಪಕ್ಕದಲ್ಲಿ ಕೂತಿತು. “ಸಾಲು ನೇರ ಬರಲಿ ಅಂತ ನೀನು ಬೇರಿಗೇ ಜಾಗ ಬಿಡು ಅಂದೆ. ಅದು ನಿನಗಿಂತ ಮೊದಲು ಅಲ್ಲಿತ್ತು ಅನ್ನೋದು ತಲೆಗೆ ಹೋಗಲಿಲ್ಲ. ಮೊದಲು ಬೇರು ಎಲ್ಲೆಲ್ಲಿದೆ ನೋಡು. ಅದು ಬಿಟ್ಟ ಜಾಗದಲ್ಲಿ ಕಾಲೂರು. ಹೇಳಿದ್ದಕ್ಕೆ ನನಗೆ ನಿನ್ನ ಅಳತೆಯ ಹಗ್ಗ ಕೊಡು.”

ಆ ಹಗ್ಗ ಪಾಲಯ್ಯನ ತಾತನ ಕಾಲದ್ದು. ಈರಕ್ಕ ಅದನ್ನು ಸುತ್ತಿ ಉಡದ ಮುಂದೆ ಎಸೆದಳು. ಉಡ ನುಂಗಿತು.

“ಇನ್ನೊಂದು ಕೊಡು” ಎಂದಿತು. “ನಿನ್ನ ಸಿಟ್ಟು ಕೊಡು. ಮನಸ್ಸು ತಣ್ಣಗಾಗುತ್ತೆ, ಹಾಯಾಗಿ ನಿದ್ದೆ ಬರುತ್ತೆ. ಊರಿನವರನ್ನ ನೋಡು, ಎಷ್ಟು ಸಮಾಧಾನವಾಗಿದ್ದಾರೆ.”

ಈರಕ್ಕ ಊರಿನ ಕಡೆ ನೋಡಿದಳು. ನಿಜವೇ. ಜನ ಮರವಾದವರ ಕೊರಳಿಗೆ ಹೂವಿನ ಹಾರ ಹಾಕಿ, ಬಾಗಿಲ ಪಕ್ಕ ನಿಲ್ಲಿಸಿ, ‘ಎಲ್ಲ ಹಣೆಬರಹ’ ಎಂದು ಒಳಗೆ ಹೋಗಿ ಮಲಗಿದ್ದರು. ಉಪ್ಪರಿಗೆ ಎದ್ದರೆ ಎಲ್ಲ ಸರಿಹೋಗುತ್ತದೆ ಎಂದು ಮಾಂತ್ರಿಕ ಹೇಳಿದ್ದನ್ನು ನಂಬಿಕೊಂಡಿದ್ದರು. ಕೆಲವರು ಅವನಿಗೆ ಹಣ್ಣುಕಾಯಿ ಕೊಟ್ಟು ಕಾಲಿಗೂ ಬಿದ್ದು ಬಂದಿದ್ದರು.

“ಕೊಡಲ್ಲ” ಎಂದಳು ಈರಕ್ಕ.

“ಕೊಡದಿದ್ರೆ ನಾನು ಇನ್ನೊಂದು ಮಾತು ಹೇಳಲ್ಲ.”

“ಹೇಳಬೇಡ ಹೋಗು! ಗುದ್ದಲಿ ತಗೊಂಡೆ, ಹಗ್ಗ ತಗೊಂಡೆ. ಇದೊಂದು ನನ್ನದು. ನನ್ನ ಗಂಡ ಹೀಗೆ ಬಿದ್ದಿರುವಾಗ ನಾನು ತಣ್ಣಗಾಗಬೇಕಾ? ನಿನ್ನ ಬಾಲಕ್ಕೆ ಬೆಂಕಿ ಹಾಕ!”

ಉಡ ಹೊಟ್ಟೆ ಕುಣಿಸಿಕೊಂಡು ನಕ್ಕಿತು. “ಕೊಟ್ಟಿದ್ರೆ ನೀನೂ ಆ ಊರಿನವರ ಹಾಗೆ ಮಲಗಿಬಿಡ್ತಿದ್ದೆ. ಇಟ್ಟುಕೋ, ಬೇಕಾಗುತ್ತೆ. ಆ ಮಾಂತ್ರಿಕನ ಜೀವ ಅವನ ಮೈಯಲ್ಲಿಲ್ಲ, ಅವನ ಗೆರೆಯಲ್ಲಿದೆ. ನೇರವಾಗಿರೋ ತನಕ ಅದಕ್ಕೆ ಸಾವಿಲ್ಲ” ಎಂದು ಹೇಳಿ ಪೊಟರೆಯೊಳಗೆ ಹೋಯಿತು. ಆಮೇಲೆ ಬರಲಿಲ್ಲ.

ಗೆರೆ ಮತ್ತೆ ಎದ್ದು ಇನ್ನೊಂದು ಮಾರು ಚಾಚಿತು. ಮಾಂತ್ರಿಕ ಈಗ ಇಪ್ಪತ್ತರ ತರುಣನಾಗಿದ್ದ. ಉಳಿದದ್ದು ಒಂದೇ ಸಲ.

ಈರಕ್ಕ ಊರೊಳಗೆ ಹೋಗಿ ಬಾಗಿಲು ಬಾಗಿಲು ಬಡಿದಳು. “ಹಾರ ಹಾಕಿ ಮಲಗಿದ್ದೀರಲ್ಲ, ನಾಚಿಕೆ ಆಗಲ್ವಾ? ಅವರೇನು ಸತ್ತಿದ್ದಾರಾ? ಉಸಿರಾಡ್ತಿದ್ದಾರೆ, ನೋಡ್ರೋ! ಎದ್ದು ಬನ್ನಿ!” ಎಂದು ಬಾಯಿಗೆ ಬಂದಂತೆ ಬೈದಳು. ಗಂಡಸರು ಕದ ಹಾಕಿಕೊಂಡರು. ಪಾಯದವರು, ಹಗ್ಗವಿಲ್ಲದೆ ಪಾಯ ಹಾಕುವವಳ ಜೊತೆ ನಾವು ಬರುವುದಿಲ್ಲ ಎಂದರು. ಮೊದಲು ಹೊರಗೆ ಬಂದವಳು ಕುಂಬಾರರ ದೇವೀರಮ್ಮ. ಮರವಾದ ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಎಡಗೈಯಲ್ಲಿ ಮಡಕೆ ಹಿಡಿದು ಬಂದಳು.

“ಬೈದದ್ದು ಸಾಕು ಕಣವ್ವಾ, ಏನು ಮಾಡಬೇಕು ಹೇಳು.”

“ನೀರು ಬೇಕು ಅಕ್ಕಾ. ಮಡಕೆಗಟ್ಟಲೆ ಬೇಕು.”

ದೇವೀರಮ್ಮನ ಹಿಂದೆ ಹಾಲು ಮಾರುವವಳ ಸೊಸೆ ಬಂದಳು. ಅವಳ ಹಿಂದೆ ಕಾವಲುಗಾರನ ತಾಯಿ. ಒಬ್ಬರ ಹಿಂದೆ ಒಬ್ಬರು ಕೊಡ ಹೊತ್ತು ಬಂದರು. ನೀರನ್ನು ಮೆಲ್ಲಗೆ ಸುರಿದು ಮಣ್ಣು ಮೆತ್ತಗೆ ಮಾಡಿ, ಕೈಯಿಂದ ಬಳಿದು ತೆಗೆದರು. ತೆಂಗಿನ ಕಡ್ಡಿಯ ಪೊರಕೆಯಿಂದ ಗುಡಿಸಿದರು. ಒಂದೊಂದೇ ಬೇರು ಕಾಣಿಸಿಕೊಂಡಿತು. ಕಂಡ ಬೇರಿಗೆಲ್ಲ ಒದ್ದೆ ಗೋಣಿಚೀಲ ಹೊದಿಸಿದರು, ಬಿಸಿಲಿಗೆ ಒಣಗಬಾರದಲ್ಲ. ನೋಡನೋಡುತ್ತಿದ್ದಂತೆ ನೆಲದಡಿಯ ಊರೇ ತೆರೆದುಕೊಂಡಿತು. ದಪ್ಪ ಬೇರು, ಸಣ್ಣ ಬೇರು, ಒಂದನ್ನೊಂದು ದಾಟಿ, ತಬ್ಬಿ, ಸುತ್ತಿಕೊಂಡು ಹೋದ ಬೇರು. ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಇದರಲ್ಲಿ ನನ್ನ ಮಗನದು ಯಾವುದು ಎಂದು ಒಬ್ಬಳು ಅತ್ತಳು.

“ಯಾವುದಾದ್ರೆ ಏನು? ಎಲ್ಲವೂ ಯಾರೋ ಒಬ್ಬರ ಮಗನದೇ. ಯಾವುದನ್ನೂ ಮುಟ್ಟಬೇಡ” ಎಂದಳು ಈರಕ್ಕ.

ಬೇರುಗಳ ನಡುವೆ ಬರೀ ಮಣ್ಣಿದ್ದ ಕಡೆ ಮಾತ್ರ ಅವಳು ಕಂಬ ನೆಟ್ಟಳು. ಒಂದು ಇಲ್ಲಿ, ಒಂದು ಎಲ್ಲೋ ಅಲ್ಲಿ. ಸಾಲಿಲ್ಲ, ಸಮ ಇಲ್ಲ. ಕಂಬದಿಂದ ಕಂಬಕ್ಕೆ ಉದ್ದನೆಯ ತೊಲೆಗಳನ್ನು, ನೆಲ ಮುಟ್ಟದಂತೆ, ಅಡಿಯಲ್ಲಿ ಕೋಳಿ ಓಡಾಡುವಷ್ಟು ಎತ್ತರದಲ್ಲಿ ಇಟ್ಟಳು. ಬೇರುಗಳಿಗೆ ಮತ್ತೆ ಸಡಿಲ ಮಣ್ಣು ಹೊದಿಸಿದಳು. ಆಮೇಲೆ ತೊಲೆಗಳ ಮೇಲೆ ಹಲಗೆಯ ನೆಲ, ಬಿದಿರ ತಡಿಕೆಯ ಗೋಡೆ. ಕಲ್ಲಿನ ಭಾರವಿಲ್ಲ, ಅಂತಸ್ತಿಲ್ಲ. ನೋಡುವುದಕ್ಕೆ ಅಷ್ಟೇನೂ ಚೆಂದವಿರಲಿಲ್ಲ. ಆದರೆ ಪಾಲಯ್ಯನ ಉಸಿರು ಹಗುರವಾಯಿತು.

ಉಳಿದದ್ದು ಮೂಲೆಯ ಕಂಬ. ಅದು ಗೆರೆಯ ಮೂಲೆಯಲ್ಲೇ ನಿಲ್ಲಬೇಕು. ಆ ಮೂಲೆಯಲ್ಲಿ, ಅವಳು ಮೊದಲ ದಿನ ಕಡಿದ ಬೇರಿನ ಗಾಯದಿಂದ, ಬೆರಳುದ್ದದ ಒಂದು ಬಿಳಿಯ ಮೊಳಕೆ ಹೊರಟಿತ್ತು.

ಅರಸ, ಮಂತ್ರಿಗಳು, ಊರಿನ ಗಂಡಸರು ಎಲ್ಲ ನೋಡಲು ಬಂದು ನೆರೆದಿದ್ದರು. ನೆಟ್ಟಗಣ್ಣಯ್ಯ ಕೈಕಟ್ಟಿ ನಿಂತಿದ್ದ.

“ಮೂಲೆಗಂಬ ಗೆರೆಯ ಮೂಲೆಯಲ್ಲೇ ನಿಲ್ಲಬೇಕು ಈರಕ್ಕ. ನಿಮ್ಮ ಪಾಯದವರ ಪದ್ಧತಿಯೇ ಅದು, ನನ್ನದಲ್ಲ. ನೆಡು.”

ಪಾಯದ ಹಿರಿಯರು ಹೌದು ಹೌದು ಎಂದರು. ಸರಿಸಿದರೆ ನಮ್ಮ ಮಾನ ಹೋಗುತ್ತದೆ ಎಂದರು.

“ಹೋಗಲಿ!” ಎಂದಳು ಈರಕ್ಕ. “ನಿಮ್ಮ ಮಾನಕ್ಕೆ ನನ್ನ ಗಂಡನ ಬೇರೇ ಆಗಬೇಕಾ?” ಎಂದು ಕಂಬವನ್ನು ಎತ್ತಿ, ಒಂದು ತೋಳು ಒಳಗೆ ಸರಿಸಿ ನೆಟ್ಟಳು.

ಕಂಬ ನೆಟ್ಟಿದ್ದೇ ತಡ, ಬಿಳಿಯ ಗೆರೆ ಬುಸ್ಸೆಂದು ನೆಲದಿಂದ ಎದ್ದಿತು. ಹೆಡೆಯಿಲ್ಲದ, ಕಣ್ಣಿಲ್ಲದ, ಬಿಗಿದ ಹಗ್ಗದಂತೆ ನೇರವಾದ ಹಾವಾಯಿತು. ನೇರ ಮೊಳಕೆಯ ಮೇಲೆ ಹಾಯಿತು. ಜನ ಚೀರಿ ಓಡಿದರು. ಈರಕ್ಕ ಅದನ್ನು ನಡುವಿಗೆ ಎರಡೂ ಕೈಯಲ್ಲಿ ಹಿಡಿದಳು. ಅಂಗೈ ಸುಟ್ಟಿತು, ಅವಳು ಬಿಡಲಿಲ್ಲ.

“ಬಾಗು!” ಎಂದಳು. “ಬಾಗು, ದರಿದ್ರದ ಗೆರೆಯೇ! ಬಂಡೆಗೆ ಬಾಗಲಿಲ್ಲ, ಬಾವಿಗೆ ಬಾಗಲಿಲ್ಲ. ಮನುಷ್ಯರ ಮೇಲೆ ಹರಿದು ಹೋದೆ. ನಿನ್ನನ್ನ ಹಾಕಿದವನ ಕೈ ಸೇದಿಹೋಗಲಿ! ನಿನಗೆ ಪೂಜೆ ಮಾಡಿದೆ ನಾನು, ಹೂವು ಏರಿಸಿದೆ. ನಿನ್ನ ಮಾತು ಕೇಳಿ ನನ್ನ ಗಂಡನನ್ನ ಕಡಿದೆ. ಬಾಗು!”

ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಸುರಿಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಮೊಣಕಾಲು ಕೊಟ್ಟು ಒತ್ತಿದಳು. ದೇವೀರಮ್ಮ ಓಡಿಬಂದು ತನ್ನ ಮರದ ಕೈಯಿಂದ ಒಂದು ತುದಿ ಅದುಮಿದಳು. ಉಳಿದ ಹೆಂಗಸರು ಇನ್ನೊಂದು ತುದಿಯ ಮೇಲೆ ಬಿದ್ದರು. ಗೆರೆ ಮೊಳಕೆಯನ್ನು ಬಳಸಿಕೊಂಡು ಇಷ್ಟೇ ಇಷ್ಟು ಬಾಗಿತು.

ಅತ್ತ ಮಾಂತ್ರಿಕನ ಬೆನ್ನು ಬಾಗಿತು. ಗೆರೆ ಇನ್ನಷ್ಟು ಬಾಗಿತು, ಅವನ ಕೂದಲು ಬೆಳ್ಳಗಾಯಿತು, ಹಲ್ಲು ಉದುರಿತು. ಗೆರೆ ಪಟ್ಟೆಂದು ಮುರಿಯಿತು. ಅವನು ಮೊದಲ ಬಾರಿಗೆ ಕಣ್ಣು ಪಿಳುಕಿಸಿ, ಬೂದಿಯ ಗುಡ್ಡೆಯಾಗಿ ಬಿದ್ದ. ಸೋರೆಬುರುಡೆ ಒಡೆಯಿತು. ಅವನು ತುಂಬಿಟ್ಟ ಹಾಲು, ಕುಡಿದ ಹಾಲು, ಎಲ್ಲ ಹರಿದು ಮಣ್ಣಿಗೆ ಇಂಗಿತು.

ಮನೆ ಮನೆಯ ಬಾಗಿಲಲ್ಲಿ ತೊಗಟೆ ಉದುರಿತು. ಕಾವಲುಗಾರನಿಗೆ ನಾಲಿಗೆ ಬಂತು, ಬಂದ ಕೂಡಲೆ ನೀರು ಕೇಳಿದ. ದೇವೀರಮ್ಮ ಬಲಗೈಯ ಬೆರಳನ್ನು ಒಂದೊಂದಾಗಿ ಮಡಿಸಿ ನೋಡಿಕೊಂಡಳು. ಪಾಲಯ್ಯ ಕಣ್ಣು ಬಿಟ್ಟ. ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ಮೂಲೆಗಂಬವನ್ನು ನೋಡಿದ.

“ಗೆರೆ ಸರಿಸಿದೆಯೇನೇ?”

“ಸರಿಸಿದೆ. ಏನೀಗ?”

ಪಾಲಯ್ಯ ಅವಳ ಸುಟ್ಟ ಅಂಗೈ ನೋಡಿದ. “ನಾನೇ ಸರಿಸಬೇಕಾಗಿತ್ತು” ಎಂದು ನಕ್ಕ. ಈರಕ್ಕ ಅವನ ಬೆನ್ನಿಗೆ ಒಂದು ಗುದ್ದಿ, ಅಲ್ಲೇ ಕೂತು ಗೊಳೋ ಎಂದು ಅತ್ತಳು.

ಅರಸ ಮುಂದೆ ಬಂದು ಮನೆಯನ್ನು ಸುತ್ತಿ ನೋಡಿದ. “ಇಷ್ಟು ಚಿಕ್ಕದಾ? ನನ್ನ ಏಳಂತಸ್ತು ಎಲ್ಲಿ?” ಎಂದ.

ಅಳುತ್ತಿದ್ದವಳು ತಟ್ಟನೆ ಎದ್ದಳು. “ಮರ ಹೊರೋದು ಇಷ್ಟೇ ದೊರೆ. ಇದೂ ನಿಮಗಲ್ಲ. ಇದು ಬಾಣಂತಿಯರ ಮನೆ, ಹೊಕ್ಕುಳಬಳ್ಳಿ ಹೂಳೋಕೆ ಬಂದವರು ನೆರಳಿಗೆ ಕೂರಲಿ. ನಿಮ್ಮ ಭರಣಿ ತರಿಸಿ. ನಿಮ್ಮದು, ನಿಮ್ಮ ಮಗನದು, ಎರಡನ್ನೂ ಇಲ್ಲೇ ಹೂಳಿ. ಆಮೇಲೆ ಎಲ್ಲಿ ಬೇಕಾದ್ರೂ ಗುದ್ದಲಿ ಹಾಕಿಸಿ, ನಾನು ಬೇಡ ಅನ್ನಲ್ಲ.”

ಸುತ್ತಲೂ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಯಾರೂ ದಾರಿ ಬಿಡಲಿಲ್ಲ. ಅರಸ ಭರಣಿ ತರಿಸಿದ. ತನ್ನ ಕೈಯಿಂದಲೇ ಮಣ್ಣು ಕೆದರಿ ಹೂತ. ಮರುದಿನವೇ ಕಲ್ಲಿನ ಮೇಲೆ ಇನ್ನೊಂದು ಸಾಲು ಕೆತ್ತಿಸಿದ: ‘ಗುದ್ದಲಿಯನ್ನೂ ಮುಟ್ಟಿಸಕೂಡದು.’ ಅದುವರೆಗೆ ಆಗದ ಕೆಲಸ ಅಂದು ಅದೆಷ್ಟು ಬೇಗ ಆಯಿತು ನೋಡಿ.

ಆಮೇಲೆ ಸಿರಿಮಾಳದವರೆಲ್ಲ ಸುಖವಾಗಿ ಬಾಳಿದರು. ಪಾಲಯ್ಯನೂ ಸುಖವಾಗಿದ್ದ. ಆದರೆ ಅವನ ಎಡಗಾಲಿನ ಕಿರುಬೆರಳು ಮಾತ್ರ ಮರವಾಗಿಯೇ ಉಳಿಯಿತು. ಕಡಿದದ್ದು ಪೂರ್ತಿ ಕೂಡುವುದಿಲ್ಲ. ಪ್ರತಿ ವಸಂತದಲ್ಲಿ ಆ ಬೆರಳಿನಿಂದ ಒಂದು ಕೆಂಪು ಚಿಗುರು ಬರುತ್ತಿತ್ತು. ಪಾಲಯ್ಯ ಅದನ್ನು ತೋರಿಸಿ ನಗುತ್ತಿದ್ದ. ಈರಕ್ಕನಿಗೆ ಅದನ್ನು ಕಂಡಾಗಲೆಲ್ಲ ಸಿಟ್ಟು ಹೊಸದಾಗಿ ಬರುತ್ತಿತ್ತು. ಆ ಸಿಟ್ಟನ್ನು ಅವಳು ಸಾಯುವ ತನಕ ಯಾರಿಗೂ ಕೊಡಲಿಲ್ಲ.

ಅಂದಿನಿಂದ ಆ ನಾಡಿನಲ್ಲಿ ಪಾಯದ ಗೆರೆಗೆ ಯಾರೂ ಪೂಜೆ ಮಾಡುವುದಿಲ್ಲ. ಗೆರೆ ಹಾಕಿದ ಕೂಡಲೆ ಮನೆಯ ಹಿರಿಯ ಹೆಂಗಸನ್ನು ಕರೆಯುತ್ತಾರೆ. ಅವಳು ಗೆರೆಯ ಮುಂದೆ ಸೆರಗು ಸಿಕ್ಕಿಸಿ ನಿಂತು, ಅದು ಬಾಗಲು ಒಪ್ಪುವ ತನಕ, ಬಾಯಿ ತುಂಬ ಬೈಯುತ್ತಾಳೆ. ಆಮೇಲೆಯೇ ಮೊದಲ ಹಿಡಿ ಮಣ್ಣು ಎತ್ತುವುದು, ಅದೂ ಕೈಯಲ್ಲಿ.